ಕುರ್ಚಿಗೊಂದು ಸನದು

ನ್ಯೂಯಾರ್ಕಿನ ಷೇ ಸ್ಟೇಡಿಯಂ ಎಂಬ ಬೇಸ್‌ಬಾಲ್ ಕ್ರೀಡಾಂಗಣ 2008ರಲ್ಲಿ ಮುಚ್ಚಿದಾಗ ಅದರ ಕುರ್ಚಿಗಳನ್ನು ಅಭಿಮಾನಿಗಳಿಗೆ ಮಾರಿದರು. ಜೋಡಿಗೆ 869 ಡಾಲರ್. ತಂಡ ಚಾಂಪಿಯನ್ ಆದ 1986 ಮತ್ತು 1969, ಈ ಎರಡು ವರ್ಷಗಳ ಅಂಕಿಗಳನ್ನು ಹೊಸೆದು ಮಾಡಿದ ಬೆಲೆ. ವ್ಯಾಪಾರದ ಜಾಣತನಕ್ಕೆ ಸಲಾಂ ಹೇಳಲೇಬೇಕು!

ಆದರೆ ಮಾಲು ಅಸಲಿಯೆಂದು ನಂಬುವುದು ಹೇಗೆ? 1990ರ ದಶಕದಲ್ಲಿ ಆಟಗಾರರ ನಕಲಿ ಸಹಿಗಳ ದಂಧೆಯನ್ನು ಎಫ್‌ಬಿಐ ಭೇದಿಸಿತ್ತು. 2001ರಿಂದ ಅಲ್ಲಿ ಹೊಸ ಪದ್ಧತಿ ಬಂತು. ಕಣ್ಣಾರೆ ಕಂಡ ಸಾಕ್ಷಿಯೊಬ್ಬ ಬೇಕು. ಈ ಕೆಲಸಕ್ಕೆ ಬರುವವರಲ್ಲಿ ಪೊಲೀಸರೇ ಬಹಳ. ಆತ ವಸ್ತುವಿಗೆ ಹೊಲೊಗ್ರಾಂ ಚೀಟಿ ಅಂಟಿಸಿ ಸಂಖ್ಯೆ ದಾಖಲಿಸುತ್ತಾನೆ. ಉರ್ದು ಕಲಿತ ನಮಗೆ ಇದು ಹೊಸತಲ್ಲ. ಯಾರು ಯಾರಿಂದ ಕೇಳಿದರೆಂಬ ಸನದು ಇಲ್ಲದ ಮಾತನ್ನು ನಮ್ಮ ಉಸ್ತಾದರು ಒಪ್ಪುತ್ತಿರಲಿಲ್ಲ.

ನಮ್ಮಲ್ಲಿ ಹೀಗೆ ಮುಚ್ಚುತ್ತಿರುವುದು ಟಾಕೀಸುಗಳು. ಬೆಂಗಳೂರಿನ ಕಪಾಲಿಯಂಥ ಕಪಾಲಿಯೇ 2017ರಲ್ಲಿ ನೆಲಸಮವಾಯಿತು. ಕಟ್ಟಾಯದ ಕಡೆಯವರಿಗೆ ಸಿನಿಮಾ ಎಂದರೆ ಹಾಸನ. ಅಲ್ಲಿನ ಗುಜರಿಯೊಂದರಲ್ಲಿ ಸಂಖ್ಯೆಯ ತಗಡು ಉಳಿದಿದ್ದ ಕುರ್ಚಿಯೊಂದನ್ನು ಕಂಡು, ಯಾವ ಟಾಕೀಸಿನದು ಎಂದು ವಿಚಾರಿಸಿದೆವು.

"ಯಾವುದಾದರೇನು ಭಾಯಿ? ಮರ ಬೇರೆ, ಕಬ್ಬಿಣ ಬೇರೆ."

ಅಮ್ಮಿ ಬುರ್ಖಾ ತೊಟ್ಟು, ನೆರೆಯ ಗೌಡರ ಮನೆಯ ಹೆಂಗಸರೊಂದಿಗೆ ಮ್ಯಾಟಿನಿ ನೋಡಿದ ಕುರ್ಚಿ ಅದಾಗಿರಬಹುದು. ಸಾಕ್ಷಿ ಹೇಳಬಲ್ಲ ಆ ಹೆಂಗಸರು ಯಾರೂ ಈಗಿಲ್ಲ. ತಗಡನ್ನಷ್ಟೇ ಕೇಳಿದೆವು. ಅವನು ಕಿತ್ತುಕೊಟ್ಟ, ತೂಕಕ್ಕೆ ಹಾಕಲಿಲ್ಲ.