ಗೋಕಾಕ ಫಾಲ್ಸ್: ದುಡಿಯುವ ನೀರಿನ ಜಲಪಾತ

ಗೋಕಾಕವೆಂದರೆ ಬಾಯಿಗೆ ಕರದಂಟು, ಕಣ್ಣಿಗೆ ಜಲಪಾತ. ಊರಿನಿಂದ ಆರು ಕಿ.ಮೀ. ದೂರದಲ್ಲಿ ಘಟಪ್ರಭೆ ಬಂಡೆಯಂಚಿನಿಂದ ಒಮ್ಮೆಲೇ 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಮಳೆಗಾಲದಲ್ಲಿ ಕುದುರೆ ಲಾಳದಂತೆ ಬಾಗಿದ ಬಂಡೆಯಂಚಿನುದ್ದಕ್ಕೂ ಕೆಂಪು ನೀರು. ಅದರ ಭೋರ್ಗರೆತದಲ್ಲಿ ಪಕ್ಕದವರ ಮಾತೂ ಕೇಳಿಸದು.

ಜಲಪಾತದ ನೆತ್ತಿಯ ಮೇಲೊಂದು ತೂಗುಸೇತುವೆ. ಉದ್ದ ಸುಮಾರು 200 ಮೀಟರ್, ಹೊಳೆಯ ಬಂಡೆಗಳಿಂದ 14 ಮೀಟರ್ ಎತ್ತರ. ಬ್ರಿಟಿಷರ ಆಳ್ವಿಕೆಯಲ್ಲಿ ದೊರೆಗಳು ಬಂದುಹೋದ ನೆನಪಿಗೆ ಕಲ್ಲಿನ ಕಟ್ಟಡ ಕಟ್ಟುವ ಪದ್ಧತಿಯಿತ್ತು. ಐದನೇ ಜಾರ್ಜ್ ದೊರೆ 1911ರಲ್ಲಿ ಬಂದಿಳಿದುದಕ್ಕೆ ಮುಂಬಯಿಯಲ್ಲಿ ಗೇಟ್‌ವೇ ಆಫ್ ಇಂಡಿಯಾ ಎದ್ದು ನಿಂತಿತು. ಗೋಕಾಕದ ಸೇತುವೆಯ ಹೆಸರು ಮಾತ್ರ ಬೆಳೆದದ್ದು ದುಡಿಯುವ ಜನರ ಹೆಜ್ಜೆಗಳಿಂದ. ಗಿರಣಿ ಕಾರ್ಮಿಕರು ಹೊಳೆ ದಾಟಿ ಕೆಲಸಕ್ಕೆ ಹೋಗುತ್ತಿದ್ದುದು ಇದರ ಮೇಲೆಯೇ.

ಆ ಗಿರಣಿಯ ಕಥೆಯೂ ನೀರಿನದೇ. 1885ರಲ್ಲಿ ಇಲ್ಲಿ ಹತ್ತಿ ಗಿರಣಿಯ ಕಂಪನಿ ಹುಟ್ಟಿತು. ಧುಮುಕುವ ನೀರಿನ ರಭಸದಿಂದ ಯಂತ್ರ ತಿರುಗಿಸುವುದೇ ಅದರ ಆಲೋಚನೆ. ಮೇಲಿನ ನೀರನ್ನು ಕೊಳವೆಯಲ್ಲಿ ಇಳಿಸಿದರೆ ಕೆಳಗೆ ಚಕ್ರ ತಿರುಗುತ್ತದೆ; ಎತ್ತರ ಹೆಚ್ಚಿದಷ್ಟೂ ಬಲ ಹೆಚ್ಚು. ವಿಜ್ಞಾನದ ಪುಸ್ತಕದಲ್ಲಿ ಓದಿದ ಪಾಠವನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಾಣಬಹುದು. ದಡದಲ್ಲಿರುವ ಮಹಾಲಿಂಗೇಶ್ವರ ಗುಡಿಯಾದರೋ ಚಾಲುಕ್ಯ ಶೈಲಿಯದು. ಗಿರಣಿಗಿಂತ ಶತಮಾನಗಳಷ್ಟು ಹಿರಿಯದು.

ಬೇಸಿಗೆಯಲ್ಲಿ ಬಂದವರು ಮಾತ್ರ, 'ಇದೇನಾ ಫಾಲ್ಸ್?' ಎಂದು ಮುಖ ಸಣ್ಣ ಮಾಡುವುದುಂಟು. ಆಗ ಕಾಣುವುದು ಹೆಚ್ಚಾಗಿ ಬರಿಯ ಬಂಡೆ. ಹಾಗಾದರೆ ನೀರು ಎಲ್ಲಿ ಹೋಯಿತು? ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಅದನ್ನು ಹಿಡಿದಿಡುತ್ತದೆ. ಜಲಪಾತಕ್ಕೆ ಮೊದಲೇ ಧೂಪದಾಳದ ಒಡ್ಡಿನಿಂದ ಕಾಲುವೆ ಹೊರಳುತ್ತದೆ. ಗೋಕಾಕ, ಮೂಡಲಗಿ ಕಡೆಯ ಹೊಲಗಳಲ್ಲಿ ಕಬ್ಬು, ಗೋವಿನಜೋಳ ಹಸಿರಾಗಿ ನಿಂತಿದ್ದರೆ ಅದರಲ್ಲಿ ಈ ಹೊಳೆಯ ಪಾಲಿದೆ. ನೋಡುವವರ ಕಣ್ಣಿಗೆ ಕಡಿಮೆಯಾದ ನೀರು ಉಣ್ಣುವವರ ತಟ್ಟೆಗೆ ಬಂದಿರುತ್ತದೆ.

ಇದೇ ಹೊಳೆ ಮುನಿದದ್ದೂ ಉಂಟು. 2019ರ ಆಗಸ್ಟ್‌ನಲ್ಲಿ ಪ್ರವಾಹ ಗೋಕಾಕ ಪಟ್ಟಣಕ್ಕೇ ನುಗ್ಗಿ, ಜನ ಮನೆಮಠ ಬಿಟ್ಟು ಹೊರಡಬೇಕಾಯಿತು. ಆದ್ದರಿಂದ ಮಕ್ಕಳೊಡನೆ ಬರುವ ಹಿರಿಯರು ಒಂದು ಮಾತು ನೆನಪಿಡಬೇಕು: ಇಲ್ಲಿನ ಬಂಡೆಗಳು ಪಾಚಿಯಿಂದ ಜಾರುತ್ತವೆ, ಮೇಲೆ ನೀರು ಬಿಟ್ಟರೆ ಹೊಳೆ ಏರುತ್ತದೆ. ಫೋಟೋದ ಆಸೆಗೆ ಅಂಚಿಗೆ ಹೋಗುವುದು ಬೇಡ. ಸೇತುವೆ ಹತ್ತಲು ಅನುಮತಿ ಇದೆಯೇ ಎಂದು ಸ್ಥಳದಲ್ಲಿ ಕೇಳಿಯೇ ಮುಂದುವರಿಯಬೇಕು.

ರೈಲಿನಲ್ಲಿ ಬರುವವರು ಘಟಪ್ರಭಾ ನಿಲ್ದಾಣದಲ್ಲಿ ಇಳಿಯಬಹುದು. ಬಿಡುವಿದ್ದರೆ ಮಾರ್ಕಂಡೇಯ ಹೊಳೆಯ ಗೊಡಚಿನಮಲ್ಕಿ ಜಲಪಾತ, ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳನ್ನೂ ನೋಡಬಹುದು. ಮರಳುವಾಗ ಕರದಂಟು ಕೊಳ್ಳುವುದು ಹೇಗೂ ಇದ್ದೇ ಇದೆ. ಜೊತೆಗೆ ದಾರಿಯ ಕಾಲುವೆಯನ್ನೂ ಮಕ್ಕಳಿಗೆ ತೋರಿಸಿದರೆ, ಅವರು ನೋಡಿದ ಜಲಪಾತ ಪೂರ್ತಿಯಾದಂತೆ.