ಕಲ್ಲಿನೂರಿನಲ್ಲೊಂದು ಹಲಗೆ ಕೋಣೆ

ಜಿಗಣಿ ಕೈಗಾರಿಕಾ ಪ್ರದೇಶದ ಯಾವ ಅಡ್ಡರಸ್ತೆಗೆ ಹೊಕ್ಕರೂ ಗ್ರಾನೈಟ್ ಕೊಯ್ಯುವ ಸದ್ದು ಕಿವಿಗೆ ಬೀಳುತ್ತದೆ. ಅಂಗಳದ ತುಂಬ ಒರಗಿಸಿಟ್ಟ ಸ್ಲ್ಯಾಬುಗಳು, ರಸ್ತೆಬದಿಯ ಗಿಡಗಳ ಎಲೆ ಮೇಲೆ ಬಿಳಿ ಧೂಳು. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪು, ಕನಕಪುರದ ಕಡೆಯ ಗೆರೆಗೆರೆಯ ಬಣ್ಣದ ಕಲ್ಲು, ಎಲ್ಲವೂ ಲಾರಿಯಲ್ಲಿ ಬಂದು ಇಲ್ಲಿ ಹೊಳಪು ಹಾಕಿಸಿಕೊಂಡು ಮುಂದಕ್ಕೆ ಹೋಗುತ್ತವೆ. ಇಂಥ ಊರಿನಲ್ಲಿ ನಮ್ಮ ಹಿಂದಿನ ಬೀದಿಯ ಯಜಮಾನರೊಬ್ಬರು ತಮ್ಮ ಹಳೇ ಮನೆಗೆ ಮರದ ಹಲಗೆ ಹೊದಿಸಿದ ಎರಡು ಕೋಣೆ ಸೇರಿಸಲು ಹೊರಟಿದ್ದಾರೆ. ಟೀ ಅಂಗಡಿಯಲ್ಲಿ ಈಗ ಅದೇ ಮಾತು. ಕಲ್ಲಿಗೆ ಬರವೇ ಇಲ್ಲದ ಕಡೆ ಮರ ಯಾಕೆ ಎಂದು ಕೇಳುವವರು ಕೇಳುತ್ತಲೇ ಇದ್ದಾರೆ. ನಾನು ಯಜಮಾನರ ಪಕ್ಷ. ಯಾಕೆಂದು ಸ್ವಲ್ಪ ಸಾವಕಾಶವಾಗಿಯೇ ಹೇಳುತ್ತೇನೆ.

ಮನೆ ಆನೇಕಲ್ ಸೀಮೆಯ ಹಳೇ ನಮೂನೆಯದು. ಕೆಳಗೆ ಒರಟು ಕಲ್ಲಿನ ಕಟ್ಟಡ, ಎದೆಮಟ್ಟದಿಂದ ಮೇಲಕ್ಕೆ ಮಣ್ಣಿನ ದಪ್ಪ ಗೋಡೆ, ಅದಕ್ಕೆ ಗಾರೆ. ಮೇಲೆ ತೊಲೆ, ಜಂತೆ, ರೀಪರು, ಹೆಂಚು. ಮುಂದೆ ಚಪ್ಪಡಿ ಹಾಸಿದ ಜಗಲಿ, ಅದಕ್ಕೆ ಎರಡು ಕಲ್ಲುಕಂಬ. ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಾನೆ. ಸೊಸೆಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ನಡುಮನೆಯಲ್ಲಿ ಟೀವಿ, ಮೊಮ್ಮಗುವಿನ ಅಳು, ಬಂದುಹೋಗುವವರು. ಆಕೆಗೊಂದು ಕೋಣೆ ಬೇಕೇ ಬೇಕು. ಕಂಟ್ರಾಕ್ಟರು ಬಂದು ನೋಡಿ, ಈ ಕಡೆ ಎಲ್ಲರೂ ಹೇಳುವುದನ್ನೇ ಹೇಳಿದರು: "ಹಳೇದನ್ನ ಹೊಡೆದುಹಾಕಿ ಯಜಮಾನ್ರೇ, ಮೂರು ಫ್ಲೋರ್ ಎತ್ತೋಣ. ಕೆಳಗೆ ನೀವಿರಿ, ಮೇಲಕ್ಕೆ ಫ್ಯಾಕ್ಟರಿ ಹುಡುಗರು ಬರ್ತಾರೆ, ತಿಂಗಳಾದ್ರೆ ಬಾಡಿಗೆ." ಲೆಕ್ಕದಲ್ಲಿ ತಪ್ಪಿಲ್ಲ. ಜಿಗಣಿಯ ಎಷ್ಟೋ ಸಂಸಾರ ನಡೆಯುತ್ತಿರುವುದೇ ಆ ಬಾಡಿಗೆಯಿಂದ. ಯಜಮಾನರು ಮಾತ್ರ, "ನಮ್ಮವ್ವ ಮಲಗ್ತಿದ್ದ ಜಗಲಿ ಕಣಪ್ಪಾ ಇದು. ಹೊಡೆಸೋಕೆ ನನ್ನ ಕೈಲಿ ಆಗಲ್ಲ" ಅಂದುಬಿಟ್ಟರು.

ಹಾಗಾದರೆ ಹಳೇ ಗೋಡೆಯ ಮೇಲೇ ಒಂದು ಮಹಡಿ ಎತ್ತಿದರೆ ಆಗದೇ? ಆಗದು. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ನಾಲ್ಕಿಂಚಿನ ಮೋಲ್ಡ್ ಹಾಕಿದರೆ ಅದರ ತೂಕವೇ ಎರಡೂವರೆ ಟನ್ನಿಗೂ ಹೆಚ್ಚು. ಸುತ್ತ ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ ಹತ್ತಡಿ ಎತ್ತರಕ್ಕೆ ಎಬ್ಬಿಸಿದರೆ ಮತ್ತೆ ಹನ್ನೆರಡು ಟನ್ನಿನ ಆಸುಪಾಸು. ತೇಗದ ತೂಕ ಘನ ಮೀಟರಿಗೆ ಸುಮಾರು 650 ಕಿಲೋ. ಕಾಂಕ್ರೀಟಿನದು 2,400, ನಮ್ಮ ಗ್ರಾನೈಟಿನದು 2,700ರ ಹತ್ತಿರ. ಅದೇ ಕೋಣೆಗೆ ಮರದ ಚೌಕಟ್ಟು ನಿಲ್ಲಿಸಿ ಹೊರಗೆ ಹಲಗೆ ಹೊಡೆದರೆ ಗೋಡೆಗಳೆಲ್ಲ ಸೇರಿ ಎರಡು ಟನ್ ಸುತ್ತಮುತ್ತ ಮುಗಿಯುತ್ತದೆ. ಮಣ್ಣಿನ ಗೋಡೆ ತನ್ನ ಹೆಂಚಿನ ಭಾರವನ್ನು ಇಷ್ಟು ಕಾಲ ಹೊತ್ತಿದೆ. ಅದರ ಮೇಲೆ ಹೊಸ ಭಾರ ಹೇರುವುದು ಅನ್ಯಾಯ. ಹಾಗೆಂದೇ ಹೊಸ ಕೋಣೆಗಳು ಪಕ್ಕದಲ್ಲಿ ತಮ್ಮದೇ ಪಾಯದ ಮೇಲೆ ನಿಲ್ಲುತ್ತವೆ. ಹಗುರವಾದ್ದರಿಂದ ಪಾಯ ಆಳಕ್ಕೆ ಅಗೆಯಬೇಕಿಲ್ಲ. ಹಳೇ ಗೋಡೆಯ ಬುಡದಲ್ಲಿ ಆಳಕ್ಕೆ ಅಗೆದರೆ ಏನಾಗುತ್ತದೆಂದು ಮನೆ ಕಟ್ಟಿಸಿದ ಯಾರನ್ನು ಬೇಕಾದರೂ ಕೇಳಿ.

ಕಲ್ಲಿನ ಜತೆಗೆ ಮರ ಎಂಬುದು ಯಾರೋ ಪರದೇಶದ ಪತ್ರಿಕೆ ನೋಡಿ ತಂದ ಶೋಕಿ ಅನ್ನುವವರನ್ನು ನಾನು ಮೂಡಬಿದಿರೆಗೆ ಕರೆದೊಯ್ಯಬೇಕೆನ್ನುತ್ತೇನೆ. 1430ರ ಸಾವಿರ ಕಂಬದ ಬಸದಿಯ ಕೆಳ ಅಂತಸ್ತು ಕಗ್ಗಲ್ಲು. ಮೇಲಿನ ಅಂತಸ್ತುಗಳು ಮರ. ಆ ಮಳೆಸೀಮೆಯಲ್ಲಿ, ಆ ಸೂರಿನ ಇಳಿಜಾರಿನ ಕೆಳಗೆ, ಎರಡಕ್ಕೂ ಜಗಳವಿಲ್ಲ. ಹಂಪಿಯ ಅರಮನೆಯ ಆವರಣಕ್ಕೆ ಹೋದವರು ನೂರು ಕಂಬದ ಸಭಾಮಂಟಪ ನೋಡಿರುತ್ತಾರೆ. ನೋಡಿದ್ದು ಕಂಬಗಳನ್ನಲ್ಲ, ಕಂಬ ನಿಂತಿದ್ದ ಕಲ್ಲಿನ ಗುರುತುಗಳನ್ನು. ಕಂಬಗಳು ಮರದವು. 1565ರ ನಂತರದ ಹಾಳಿನಲ್ಲಿ ಮರವೆಲ್ಲ ಹೋಗಿ ಜಗತಿ ಉಳಿಯಿತು. ಉಳಿದದ್ದನ್ನೇ ನೋಡಿ ನೋಡಿ ವಿಜಯನಗರವೆಂದರೆ ಬರೀ ಕಲ್ಲು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಷ್ಟು ದೂರವೂ ಬೇಡ. ಕಲಾಸಿಪಾಳ್ಯದ ಬಸ್ಸಿಳಿದು ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ ಸಿಗುತ್ತದೆ. 1781ರಲ್ಲಿ ಹೈದರಾಲಿ ಶುರು ಮಾಡಿಸಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು. ಕಲ್ಲಿನ ಪೀಠದ ಮೇಲೆ ತೇಗದ ಕಂಬಗಳು ಇಂದಿಗೂ ನಿಂತಿವೆ. ಕಂಬದ ಬುಡ ನೆಲದ ತೇವ ಮುಟ್ಟದಂತೆ ಕಲ್ಲು ಕಾಯುತ್ತಿದೆ. ಬಡಗಿ ಕೆಲಸದ ಮೊದಲ ಪಾಠವೇ ಅದು.

ಬೆಂಗಳೂರಿನ ದಂಡು ಪ್ರದೇಶದ ಹಳೇ ಬಂಗಲೆಗಳ ಮಂಕಿ ಟಾಪ್ ನೆನಪಾಗುತ್ತದೆ. ಕಿಟಕಿಯ ಮೇಲೆ, ಮುಖಮಂಟಪದ ನೆತ್ತಿಯ ಮೇಲೆ ಸಣ್ಣ ಸಣ್ಣ ಮರದ ಪಟ್ಟಿ ಹೊಡೆದು ಮಾಡಿದ ಚೂಪು ಟೊಪ್ಪಿಗೆ ಅದು. ಬಿಸಿಲು ತಡೆಯುತ್ತದೆ, ಇರಚಲು ತಡೆಯುತ್ತದೆ, ಗಾಳಿ ಬಿಡುತ್ತದೆ. ಇಟ್ಟಿಗೆ ಗಾರೆಯ ಗಟ್ಟಿ ಮನೆಗೆ ಮರದ ಹಗುರ ಮುಖ. ರಿಚ್ಮಂಡ್ ಟೌನಿನಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅಪಾರ್ಟ್‌ಮೆಂಟಿಗಾಗಿ ಒಂದೊಂದಾಗಿ ಬಿದ್ದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಳೇ ಕಟ್ಟಡಕ್ಕೆ ಹೊಸದನ್ನು ಸೇರಿಸುವಾಗ ಹೊಸದು ಹಳೇದರ ವೇಷ ಹಾಕಬೇಕೋ, ತಾನು ಹೊಸದೆಂದು ಒಪ್ಪಿಕೊಳ್ಳಬೇಕೋ ಎಂಬ ಚರ್ಚೆಗೆ ಬಹಳ ವಯಸ್ಸಾಗಿದೆ. 1964ರಲ್ಲಿ ವೆನಿಸ್‌ನಲ್ಲಿ ಸೇರಿದ ವಾಸ್ತುಶಿಲ್ಪಿಗಳೂ ಸ್ಮಾರಕತಜ್ಞರೂ ಒಂದು ಸನ್ನದು ಬರೆದರು. ಅನಿವಾರ್ಯವಾಗಿ ಸೇರಿಸಿದ್ದು ಮೂಲದಿಂದ ಬೇರೆಯಾಗಿಯೇ ಕಾಣಬೇಕು, ಅದರ ಮೇಲೆ ಈ ಕಾಲದ ಗುರುತಿರಬೇಕು ಎಂಬುದು ಅದರ ಒಂಬತ್ತನೆಯ ವಿಧಿಯ ತಾತ್ಪರ್ಯ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹನ್ಸೆಟ್ ಮಿಲ್ ಎಂಬ ಗಾಳಿಗಿರಣಿಯ ಪಕ್ಕ ಗಿರಣಿ ಕಾಯುವವನ ಕೆಂಪಿಟ್ಟಿಗೆ ಮನೆಯೊಂದಿದೆ. ಅದಕ್ಕೆ ಸೇರಿಸಿದ ಹೊಸ ಭಾಗಕ್ಕೆ ಸುಟ್ಟು ಕಪ್ಪಾಗಿಸಿದ ಸೀಡರ್ ಹಲಗೆ ಹೊದಿಸಿದ್ದಾರೆ. ಮರದ ಮೈಯನ್ನು ತೆಳುವಾಗಿ ಸುಡುವುದು ಜಪಾನಿನ ಹಳೇ ವಿದ್ಯೆ. ಕೆಂಪು ಮನೆಯ ಹಿಂದೆ ಆ ಕಪ್ಪು ಭಾಗ ನೆರಳಿನ ಹಾಗೆ ನಿಂತಿದೆ. ಹಳೇದು ಯಾವುದು, ಹೊಸದು ಯಾವುದು ಎಂದು ಮಗು ಕೂಡ ಹೇಳಬಲ್ಲದು. ಅಷ್ಟಾದರೂ ಹೊಸದು ಹಳೇದರ ಮೇಲೆ ಬಿದ್ದು ಮೆರೆಯುವುದಿಲ್ಲ. ನನಗೆ ಬೇಕಾದ ಗುಣ ಅದೇ. ಬೇಡವಾದ ದಿನ ಸ್ಕ್ರೂ ಬಿಚ್ಚಿ ಹಲಗೆ ಇಳಿಸಿದರೆ ಹಳೇ ಗೋಡೆ ಹಾಗೇ ಇರುತ್ತದೆ ಎಂಬುದು ಇನ್ನೊಂದು. ಸಿಮೆಂಟು ಒಮ್ಮೆ ಹಿಡಿದರೆ ಹಳೇ ಗಾರೆಯನ್ನು ಕಿತ್ತುಕೊಂಡೇ ಬರುತ್ತದೆ.

ಬನ್ನೇರುಘಟ್ಟದಿಂದ ಜಿಗಣಿಗೆ ಬರುವ ರಸ್ತೆಯ ಎರಡೂ ಬದಿ ಈಗ ಮರದಂತೆ ಕಾಣುವ ಎಲಿವೇಷನ್‌ಗಳು ಎದ್ದಿವೆ. ಮರದ ಗೆರೆ ಅಚ್ಚುಹಾಕಿದ ಟೈಲು, ಲ್ಯಾಮಿನೇಟ್ ಹಾಳೆ, ಅಲ್ಯೂಮಿನಿಯಂ ಪ್ಯಾನೆಲ್ಲು. ಮೂರು ಹೆಜ್ಜೆ ಹತ್ತಿರ ಹೋದರೆ ಒಂದೇ ಗಂಟು ಒಂದೇ ಜಾಗದಲ್ಲಿ ಹಲಗೆ ಹಲಗೆಗೂ ಕಾಣುತ್ತದೆ. ಹೊಸ ಕಟ್ಟಡಕ್ಕೆ ಹಾಕುವವರು ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ಹಳೇ ಮಣ್ಣಿನ ಗೋಡೆಗೆ ನೇರವಾಗಿ ಅಂಟಿಸುವುದನ್ನು ಕಂಡಾಗ ಸಂಕಟವಾಗುತ್ತದೆ. ಗಾರೆಯ ಗೋಡೆ ನೆಲದಿಂದ ಏರಿದ ತೇವವನ್ನು ಹೊರಗೆ ಬಿಟ್ಟು ಒಣಗುತ್ತಿರುತ್ತದೆ. ಅಂಟು ಬಳಿದು ಹಾಳೆ ಮುಚ್ಚಿದರೆ ತೇವ ಒಳಗೇ ಉಳಿದು ಮಣ್ಣು ಸಡಿಲವಾಗುತ್ತದೆ, ಗೆದ್ದಲಿಗೆ ದಾರಿಯಾಗುತ್ತದೆ. ಹೊರಗಿನ ಹೊಳಪಿನ ಹಿಂದೆ ಗೋಡೆ ಕುಸಿಯುತ್ತಿದ್ದರೂ ಮನೆಯವರಿಗೆ ಗೊತ್ತಾಗುವುದಿಲ್ಲ.

ನಿಜವಾದ ಹಲಗೆಗೂ ಇದೇ ಮಾತು. ಹಲಗೆಯನ್ನು ಗೋಡೆಗೆ ಒತ್ತಿ ಹೊಡೆಯಬಾರದು. ಮೊದಲು ರೀಪರು, ಅದರ ಮೇಲೆ ಹಲಗೆ. ನಡುವೆ ಒಂದಿಂಚಿನಷ್ಟು ಗಾಳಿ ಓಡಾಡುವ ಜಾಗ, ಕೆಳಗೂ ಮೇಲೂ ಅದಕ್ಕೆ ಬಾಯಿ, ಆ ಬಾಯಿಗೆ ಹುಳ ನುಗ್ಗದಂತೆ ಜಾಲರಿ. ಬೆಂಗಳೂರಿನ ಸೀಮೆಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮುಂಗಾರು ಒಂದು ಕಡೆಯಿಂದ ಹೊಡೆದರೆ ಹಿಂಗಾರು ಇನ್ನೊಂದು ಕಡೆಯಿಂದ ಇರಚುತ್ತದೆ. ನೀರು ಹಲಗೆಯ ಹಿಂದಕ್ಕೂ ಹೋಗಿಯೇ ಹೋಗುತ್ತದೆ. ಹೋದ ನೀರು ಇಳಿದು ಒಣಗಲು ದಾರಿಯಿದ್ದರೆ ಸಾಕು. ಹಲಗೆಯ ತುದಿಯಿಂದ ಮರ ನೀರು ಕುಡಿಯುವಷ್ಟು ಮೈಯಿಂದ ಕುಡಿಯುವುದಿಲ್ಲ. ಆದ್ದರಿಂದ ಕೊಯ್ದ ತುದಿಗೆಲ್ಲ ಎಣ್ಣೆಯೋ ಬಣ್ಣವೋ ಬಳಿಯಲೇಬೇಕು. ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲು, ಅಲ್ಲಿಂದ ಮೇಲೆ ಹಲಗೆ. ಸೂರು ಎರಡಡಿಯಾದರೂ ಹೊರಚಾಚಬೇಕು. ಹಲಗೆ ಅಗಲಕ್ಕೆ ಉಬ್ಬುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಇಲ್ಲ. ಎರಡೂ ಅಂಚು ಬಿಗಿದರೆ ಸೀಳುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಬರೀ ಕಬ್ಬಿಣದ್ದಾದರೆ ಎರಡೇ ಮಳೆಗೆ ತುಕ್ಕು ಇಳಿದು ಹಲಗೆಯ ಮೇಲೆ ಕಪ್ಪು ಕಣ್ಣೀರು ಎಳೆಯುತ್ತದೆ. ಇದನ್ನೆಲ್ಲ ನಮ್ಮ ಬೀದಿಯ ಆಚಾರ್ರು ಬಾಯಿಪಾಠದ ಹಾಗೆ ಹೇಳುತ್ತಾರೆ, ಆದರೆ ಯಾರೂ ಅವರನ್ನು ಕೇಳುವುದಿಲ್ಲ.

ಯಾವ ಮರ? ಯಜಮಾನರು ತೇಗವೆಂದರು. ಆಚಾರ್ರು, "ತೇಗ ಅಂದ್ರೆ ಸಾಲ್ದು ಯಜಮಾನ್ರೇ, ಚೇಗು ಎಷ್ಟಿದೆ ನೋಡಬೇಕು" ಅಂದರು. ಎಳೇ ತೇಗದಲ್ಲಿ ಬಿಳಿಭಾಗವೇ ಹೆಚ್ಚು. ಬಿಳಿಗೆ ಕುಟ್ಟೆ ಹಿಡಿಯುತ್ತದೆ, ಗೆದ್ದಲೂ ಬರುತ್ತದೆ. ಕಾಫಿತೋಟದ ಸಿಲ್ವರ್ ಓಕ್ ಅಗ್ಗವಾಗಿ ಸಿಗುತ್ತದೆ, ಒಳಗಿನ ಕೆಲಸಕ್ಕೆ ಚೆನ್ನ, ಮಳೆಗೆ ಒಡ್ಡುವಂಥದ್ದಲ್ಲ. ಸಂಶಯವಿದ್ದವರಿಗೆ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರದ ವಿಜ್ಞಾನಕ್ಕೆಂದೇ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಯಾವ ಮರ ಎಷ್ಟು ಬಾಳುತ್ತದೆ, ಏನು ಉಪಚಾರ ಮಾಡಬೇಕು ಎಂಬುದು ಅಲ್ಲಿನವರಿಗೆ ಗೊತ್ತು. ನನ್ನ ಒಲವು ಹಳೇ ಮರದ ಕಡೆ. ಬೆಂಗಳೂರಿನಲ್ಲಿ ಹಳೇ ಮನೆ ಬಿದ್ದಾಗಲೆಲ್ಲ ಅದರ ತೊಲೆ, ಕಂಬ, ಬಾಗಿಲು ಮಾರಾಟಕ್ಕೆ ಬರುತ್ತವೆ. ದಶಕಗಟ್ಟಲೆ ಒಣಗಿದ ತೇಗ, ಇನ್ನು ಬಾಗುವುದೂ ಇಲ್ಲ, ಬಿರಿಯುವುದೂ ಇಲ್ಲ. ಹಳೇ ಮೊಳೆ ಕಿತ್ತು ಮಿಲ್ಲಿನಲ್ಲಿ ಸೀಳಿಸಿದರೆ ಒಳಗಿನ ಬಣ್ಣ ಹೊಸದಾಗಿಯೇ ಬರುತ್ತದೆ. ಯಜಮಾನರು ಅಂಥದೇ ಏಳು ತೊಲೆ ಕೊಂಡು ತಂದು ಜಗಲಿಯ ಪಕ್ಕ ಅಟ್ಟಿಯಿಟ್ಟಿದ್ದಾರೆ.

ಬೆಂಕಿಯ ಭಯ ಸುಳ್ಳಲ್ಲ. ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಹೊತ್ತಿ ಉರಿಯಿತು. ಈಗ ನಾವು ನೋಡುವುದು ಆಮೇಲೆ ಕಟ್ಟಿ 1912ರಲ್ಲಿ ಮುಗಿಸಿದ್ದು. ಹಲಗೆ ಗೋಡೆಯೊಳಗೆ ವೈರನ್ನು ಬರಿದೇ ಎಳೆಯದೆ ಕಾಂಡಿಟ್ ಪೈಪಿನಲ್ಲೇ ಎಳೆಯಬೇಕು, ಅಡುಗೆಮನೆಯ ಪಕ್ಕದ ಗೋಡೆ ಕಲ್ಲಿನದೇ ಇರಬೇಕು. ಯಜಮಾನರ ನಕ್ಷೆಯಲ್ಲಿ ಹಾಗೇ ಇದೆ. ಅಷ್ಟು ಎಚ್ಚರವಿದ್ದರೆ ನನಗೆ ಸಮಾಧಾನ.

ಈಗ ಉಳಿದಿರುವ ಜಗಳ ಬಣ್ಣದ್ದು. ಬಿಸಿಲಿಗೆ ಒಡ್ಡಿದ ತೇಗ ಒಂದೆರಡು ವರ್ಷದಲ್ಲಿ ಕೆಂಗಂದು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗುತ್ತದೆ. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಮೇಲ್ಮೈಯಲ್ಲಿ ಬಿಸಿಲಿಗೆ ಒಡೆದು ಮಳೆಗೆ ತೊಳೆದುಹೋಗುತ್ತದೆ, ಅಷ್ಟೇ. ಒಳಗಿನ ಬಲಕ್ಕೆ ಏನೂ ಆಗುವುದಿಲ್ಲ. ಮನೆಯಮ್ಮ, "ಬೂದಿ ಮೆತ್ಕೊಂಡ ಗೋಡೆ ನೋಡಿದ್ರೆ ಜನ ಏನಂತಾರೆ, ವರ್ಷಾ ವರ್ಷಾ ಎಣ್ಣೆ ಹಚ್ಚಿಸ್ಬೇಕು" ಎನ್ನುತ್ತಾರೆ. ಸೊಸೆ, "ಹಾಗೇ ಬಿಡಿ ಅತ್ತೆ, ಕಂಬದ ಕಲ್ಲಿನ ಬಣ್ಣಕ್ಕೆ ಹೊಂದ್ಕೊಳುತ್ತೆ" ಎನ್ನುತ್ತಾಳೆ. ನನ್ನನ್ನು ಕೇಳಿದರು. ಪಡುವಣ ಬಿಸಿಲು ಬೀಳುವ ಕಡೆ ಎಣ್ಣೆ ಹಚ್ಚಿಸಿ, ಮೂಡಣ ಗೋಡೆ ಸೊಸೆಗೆ ಬಿಡಿ ಎಂದೆ. ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಮಳೆ ನಿಂತು ತೊಲೆ ಸೀಳಿಸುವ ಹೊತ್ತಿಗೆ ಆಚಾರ್ರು ಒಂದೊಂದು ತುಂಡು ಹಲಗೆಗೆ ಒಂದೊಂದು ಬಗೆ ಮಾಡಿ ಹಿತ್ತಿಲಲ್ಲಿ ಬಿಸಿಲಿಗಿಡುವುದಾಗಿ ಹೇಳಿದ್ದಾರೆ. ಮುಂದಿನ ಯುಗಾದಿಗೆ ತೆಗೆದು ನೋಡಿ ತೀರ್ಮಾನ.