ಅತ್ತೆಯ ಸಹಿ

ಚನ್ನಪಟ್ಟಣದಲ್ಲಿ ತಾತ ಕಟ್ಟಿಸಿದ ಹೆಂಚಿನ ಮನೆ ಹಳೇ ಮೈಸೂರು ರಸ್ತೆಗೇ ಮುಖ ಮಾಡಿತ್ತು. ಹಿಂದೆ ನಾವು, ಮುಂದೆ ಬಾಡಿಗೆಗೆ ಗೊಂಬೆ ಅಂಗಡಿ. ಭಾನುವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಸಾಲಾಗಿ ನಿಲ್ಲುತ್ತಿದ್ದವು. ಆಲೆ ಮರದ ಬುಗುರಿ, ಅರಗಿನ ಬಣ್ಣದ ಕುದುರೆ ಮಾರಾಟವಾದಷ್ಟೂ ನಮ್ಮ ಗೋಡೆಗೂ ಬೆಲೆ ಏರುತ್ತಿತ್ತು. 2007ರಲ್ಲಿ ರಾಮನಗರ ಜಿಲ್ಲೆಯಾದ ಮೇಲಂತೂ ದಲ್ಲಾಳಿಗಳ ಕಾಟ. "ರಸ್ತೆ ಇರೋವರೆಗೂ ಮನೆ ಇರುತ್ತೆ, ಹೋಗ್ರಪ್ಪ" ಎಂದು ಅಪ್ಪ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಆ ರಸ್ತೆಯೇ ಊರು ಬಿಟ್ಟು ಹೋಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಸುಮಾರು 22 ಕಿಲೋಮೀಟರಿನ ಬೈಪಾಸ್ ಬಂತು. 2023ರ ಮಾರ್ಚ್ 12ರಂದು ದಶಪಥ ಹೆದ್ದಾರಿಯ ಉದ್ಘಾಟನೆಯೂ ಆಯಿತು. ಮೈಸೂರಿಗೆ ಹೋಗುವವರು ನಮ್ಮೂರಿಗೆ ಇಳಿಯುವುದೇ ನಿಂತಿತು. ಅತ್ತ ಹೊರವಲಯದ ಹೊಲ, ತೆಂಗಿನ ತೋಟಗಳಿಗೆ ಗಿರಾಕಿಗಳು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಬೇಸಾಯ ಮಾಡದವರೂ ಜಮೀನು ಕೊಳ್ಳಲು ದಾರಿ ತೆರೆದಿತ್ತಲ್ಲ. ಇತ್ತ ಅಂಗಡಿಯವರು ಬಾಡಿಗೆ ಇಳಿಸಿ ಎಂದರು. ಅಪ್ಪ ಇಳಿಸಿದರು.

ಕೊನೆಗೆ ಕನಕಪುರದ ರೇಷ್ಮೆ ವ್ಯಾಪಾರಿಯೊಬ್ಬರು ಬಂದರು. ಹಿಂದೆ ದಲ್ಲಾಳಿಗಳು ಹೇಳುತ್ತಿದ್ದುದಕ್ಕಿಂತ ಕಡಿಮೆಗೇ ಕೇಳಿದರು. ತೊಲೆಗಳಿಗೆ ಗೆದ್ದಲು ಹಿಡಿದಿತ್ತು, ಅಪ್ಪ ಒಪ್ಪಿದರು. ಅಗ್ರಿಮೆಂಟ್ ಆಗಿ ಮುಂಗಡ ಕೈಸೇರಿದ ಹೊತ್ತಿಗೆ, ಅಕ್ಟೋಬರ್ 1ರಿಂದ ಗೈಡೆನ್ಸ್ ವ್ಯಾಲ್ಯೂ ಏರುತ್ತದೆಂಬ ಸುದ್ದಿ ಬಂತು. ಆಗ ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಎಲ್ಲ ಸೇರಿ ನೂರಕ್ಕೆ ಆರು ರೂಪಾಯಿಯ ಮೇಲಾಗುತ್ತಿತ್ತು. ಸೆಪ್ಟೆಂಬರಿನಲ್ಲೇ ಮುಗಿಸೋಣ ಎಂದು ವ್ಯಾಪಾರಿ ಪಟ್ಟು ಹಿಡಿದರು.

ಪೌತಿ ಖಾತೆಯಲ್ಲಿ ತಾತನ ಮೂವರು ಮಕ್ಕಳ ಹೆಸರೂ ಇತ್ತು: ಅಪ್ಪ, ಮಾಗಡಿಗೆ ಕೊಟ್ಟ ಅತ್ತೆ, ಚಿಕ್ಕಪ್ಪ. ಅತ್ತೆಯಿಂದ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡರೆ ಸಲೀಸು ಎಂದು ಚಿಕ್ಕಪ್ಪ ಹೇಳಿದರು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಆದರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಪಾಲು ಅರಿಶಿನ ಕುಂಕುಮಕ್ಕೆ ಮುಗಿದುಹೋಗುತ್ತದೆ. ನನ್ನನ್ನು ಕೇಳಿದರೆ ಅದು ದೊಡ್ಡ ಅನ್ಯಾಯ.

ಸೀರೆ, ಹಣ್ಣು, ಲಕೋಟೆಯಲ್ಲಿ ಒಂದಿಷ್ಟು ದುಡ್ಡು ಇಟ್ಟುಕೊಂಡು ಮಾಗಡಿಗೆ ಹೋದೆವು. ಅತ್ತೆ ಎಲ್ಲ ಕೇಳಿಸಿಕೊಂಡರು. ಸೀರೆಯನ್ನು ಕಣ್ಣಿಗೊತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು, ಲಕೋಟೆಯನ್ನು ವಾಪಸ್ ಕೊಟ್ಟರು.

"ಅಣ್ಣಯ್ಯ, ಬಿಟ್ಟುಕೊಟ್ಟೆ ಅಂತ ನಾನು ಸಹಿ ಹಾಕಲ್ಲ. ಮಾರ್ತೀನಿ ಅಂತ ಹಾಕ್ತೀನಿ. ಅಪ್ಪನ ಮನೆ ಮಾರೋರಲ್ಲಿ ನನ್ನ ಹೆಸರೂ ಇರಲಿ."

ಚಿಕ್ಕಪ್ಪ ರೇಗಿದರು. "ದುಡ್ಡು ಬೇಕು ಅಂತ ನೇರವಾಗಿ ಹೇಳಕ್ಕ."

"ಬೇಕು ಕಣೋ. ಯಾಕೆ ಬೇಡ ಅನ್ನಲಿ? ಮದುವೆಯಾದಾಗಿನಿಂದ ಬಾಡಿಗೆ ಮನೇಲೇ ಇದ್ದೀನಿ. ಆ ಮನೆ ಕಟ್ಟೋವಾಗ ಇಟ್ಟಿಗೆಗೆ ನೀರು ಹಾಕಿದೋಳು ನಾನು. ನೀನಿನ್ನೂ ತೊಟ್ಟಿಲಲ್ಲಿದ್ದೆ."

ಅಪ್ಪ ಮಾತಾಡಲಿಲ್ಲ. ದಾರಿಯುದ್ದಕ್ಕೂ ಚಿಕ್ಕಪ್ಪನದೇ ಗೊಣಗಾಟ: ವ್ಯಾಪಾರಿ ಹಿಂದೆ ಸರಿದರೆ? ಬೆಲೆ ಇನ್ನೂ ಬಿದ್ದರೆ? ಅದೇನೂ ಸುಳ್ಳು ಭಯವಲ್ಲ. ನಮ್ಮ ರಸ್ತೆಯಲ್ಲಿ ಬಾಗಿಲು ಎಳೆದ ಅಂಗಡಿಗಳನ್ನು ಎಲ್ಲರೂ ನೋಡಿದ್ದೆವು. ಮಾರನೆಯ ಬೆಳಿಗ್ಗೆ ಅಪ್ಪ ಫೋನ್ ಮಾಡಿದರು. "ಮೂರು ಪಾಲು ಮಾಡೋಣ ತಾಯಿ. ಆಧಾರ್ ತಗೊಂಡು ಬಂದುಬಿಡು."

ಸೆಪ್ಟೆಂಬರ್ ಕೊನೆಯ ವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದರ ಏರುವುದರೊಳಗೆ ಬರೆಸಿಕೊಳ್ಳಬೇಕೆಂದು ಊರೂರಿನವರು ಬಂದಿದ್ದರು. ಅತ್ತೆ ಅದೇ ಸೀರೆ ಉಟ್ಟು ಬಂದಿದ್ದರು. ಕ್ರಯಪತ್ರದಲ್ಲಿ ಮಾರುವವರ ಪಟ್ಟಿಯಲ್ಲಿ ಎರಡನೆಯ ಹೆಸರು ಅವರದು. ಕ್ಯಾಮೆರಾ ಮುಂದೆ ಕೂತು ಹೆಬ್ಬೆಟ್ಟು ಒತ್ತಿ, ಪುಟಪುಟಕ್ಕೂ ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಹಿಂದಿನವರು ಅವಸರ ಮಾಡಿದರೂ ಚಿಕ್ಕಪ್ಪನೇ "ಸ್ವಲ್ಪ ತಡೀರಿ, ನಮ್ಮಕ್ಕ ಬರೀತಿದ್ದಾರೆ" ಎಂದರು.

ಆ ಹಣಕ್ಕೆ ಮಗನ ಬ್ಯಾಂಕ್ ಸಾಲವನ್ನೂ ಸೇರಿಸಿ ಅತ್ತೆ ಮಾಗಡಿಯ ಆ ಬಾಡಿಗೆ ಮನೆಯನ್ನೇ ಕೊಂಡರು. ಖಾತೆ ಅವರ ಹೆಸರಿನಲ್ಲಿದೆ.